ಅಚ್ಚು ಮುರಿದ ಮೇಲೆ: ಹಳೆಯ ಟೂರಿಂಗ್ ಸೈಕಲ್ಲಿನ ಹಬ್ ಬಗ್ಗೆ ಬಂದ ಆಕ್ಷೇಪಗಳಿಗೆ ಉತ್ತರ

ಹಳೆಯ ಟೂರಿಂಗ್ ಸೈಕಲ್ಲಿನ ಹಿಂದಿನ ಹಬ್ ಕೈಕೊಟ್ಟಾಗ ಅದೇ ಕಾಲದ ಇನ್ನೊಂದು ಹಬ್ ಹುಡುಕುತ್ತ ಕೂರಬೇಡಿ. ಉಕ್ಕಿನ ಫ್ರೇಮಾದರೆ ಹಿಂದಿನ ಕವೆಯನ್ನು 126 ಮಿಲಿಮೀಟರಿನಿಂದ 135ಕ್ಕೆ ಅಗಲ ಮಾಡಿಸಿ, 36 ತೂತಿನ ಫ್ರೀಹಬ್ ಹಾಕಿಸಿ ಎಂದು ನಾನು ಬರೆದಿದ್ದೆ. ಅದಕ್ಕೆ ಬಂದ ವಿರೋಧ ಸಣ್ಣದಲ್ಲ. ಮೈಸೂರಿನ ಹಿರಿಯ ಸವಾರರೊಬ್ಬರು ನಾನು ಒಂದು ಒಳ್ಳೆಯ ಸೈಕಲ್ಲನ್ನು ಕೆಡಿಸಿದೆ ಎಂದರು. ಶಿವಮೊಗ್ಗದ ಸೈಕಲ್ ರಿಪೇರಿಯವರೊಬ್ಬರು, ನಲವತ್ತು ವರ್ಷ ಚಕ್ರ ಕಟ್ಟಿ ಬೆಂಡು ತೆಗೆದವರು, ಫ್ರೇಮನ್ನು ಎಳೆದು ಅಗಲ ಮಾಡುವುದು ಹುಚ್ಚು ಸಾಹಸ ಎಂದರು. ಬೆಂಗಳೂರಿನ ಕೆಲವು ತರುಣರಿಗೆ ನಾನು ಬಾಲ್ಸು–ಕೋನಿನ ಹಬ್ ಆರಿಸಿದ್ದೇ ತಪ್ಪಾಗಿ ಕಂಡಿದೆ. ಇಂಗ್ಲೆಂಡಿನಲ್ಲಿ ನನ್ನ ಜೊತೆ ತುಳಿಯುತ್ತಿದ್ದ ಕನ್ನಡದ ಗೆಳೆಯರದು ಬೇರೆಯೇ ತಕರಾರು. ಇವರೆಲ್ಲ ಸೈಕಲ್ಲನ್ನು ಬಲ್ಲವರು, ಅದರ ಮೇಲೆ ಜೀವ ಇಟ್ಟುಕೊಂಡವರು. ಇವರ ಮಾತಿಗೆ ಉತ್ತರ ಕೊಡದೆ ಸುಮ್ಮನಿರುವುದು ಸರಿಯಲ್ಲ. ಒಪ್ಪಬೇಕಾದ ಕಡೆ ಒಪ್ಪುತ್ತೇನೆ. ಮೂಲ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಮೊದಲನೆಯ ಆಕ್ಷೇಪ: ಅಚ್ಚು ಮುರಿಯುವುದು ಅಪರೂಪ, ಒಬ್ಬರ ಸೈಕಲ್ಲಿನಲ್ಲಿ ಮುರಿಯಿತೆಂದು ಒಂದು ಇಡೀ ಕಾಲದ ಹಬ್‌ಗಳನ್ನು ದೂರಬಾರದು.

ನನ್ನದು 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಸೈಕಲ್ಲು. ರೆನಾಲ್ಡ್ಸ್ 531 ಕೊಳವೆಯ ಫ್ರೇಮು, ಮುಂದೆ ಮೂರು ಚಕ್ರಪಲ್ಲೆ, ಹಿಂದೆ ಆರು ಹಲ್ಲುಗಾಲಿಯ ತಿರುಪಿನ ಫ್ರೀವೀಲ್. ಶೆಫೀಲ್ಡಿನಲ್ಲಿ ಕೆಲಸದಲ್ಲಿದ್ದಾಗ ನಿವೃತ್ತ ಮೇಷ್ಟರೊಬ್ಬರಿಂದ ಕೊಂಡಿದ್ದೆ. ಒಂದು ಅಕ್ಟೋಬರಿನಲ್ಲಿ ಕ್ಯಾಸಲ್ಟನ್ ಊರಿನಿಂದ ವಿನ್ನಾಟ್ಸ್ ಪಾಸ್ ಏರುತ್ತಿದ್ದೆ. ಎರಡೂ ಕಡೆ ಸುಣ್ಣಕಲ್ಲಿನ ಬಂಡೆ, ನಡುವೆ ಐದು ಅಡಿಗೆ ಒಂದಡಿ ಮೇಲೇರುವ ರಸ್ತೆ. ಹಿಂದಿನ ಕ್ಯಾರಿಯರಿನಲ್ಲಿ ಎರಡು ಚೀಲ. ಅತಿ ಸಣ್ಣ ಗೇರಿನಲ್ಲಿ ನಿಂತು ತುಳಿಯುತ್ತಿರುವಾಗ ಒಣ ಕಡ್ಡಿ ಮುರಿದಂಥ ಸದ್ದು. ಚಕ್ರ ಪಕ್ಕಕ್ಕೆ ವಾಲಿ ಬ್ರೇಕಿನ ರಬ್ಬರಿಗೆ ಉಜ್ಜತೊಡಗಿತು. ಬಿಚ್ಚಿ ನೋಡಿದರೆ ಅಚ್ಚು ಎರಡು ತುಂಡು, ಅದೂ ಬಲಗಡೆಯ ಕೋನಿನ ಪಕ್ಕದಲ್ಲೇ. ಕ್ವಿಕ್ ರಿಲೀಸಿನ ಸಣ್ಣ ಸರಳು ಆ ಎರಡು ತುಂಡನ್ನೂ ಒಂದಾಗಿ ಹಿಡಿದುಕೊಂಡಿತ್ತು. ಚಕ್ರ ಕಳಚಿ ಬೀಳಲಿಲ್ಲ. ಹೋಪ್ ರೈಲು ನಿಲ್ದಾಣದವರೆಗೆ ತಳ್ಳಿಕೊಂಡು ಬಂದೆ. ಅದಕ್ಕೆ ಎರಡು ವರ್ಷ ಮೊದಲು ಅದೇ ಹಬ್‌ನ ಹಿಂದಿನ ಅಚ್ಚು ಬಾಗಿದ್ದರಿಂದ ಹೊಸದು ಹಾಕಿಸಿದ್ದೆ. ಹಾಗಾಗಿ ಇದನ್ನು ಹಣೆಬರಹ ಎಂದುಕೊಳ್ಳಲು ನನ್ನಿಂದ ಆಗಲಿಲ್ಲ.

ಅದು ಆ ಹಬ್‌ನ ರಚನೆಯಲ್ಲೇ ಇರುವ ದೋಷ. ತಿರುಪಿನ ಫ್ರೀವೀಲ್ ಹಬ್‌ನ ಹೊರಗೆ, ಬಲಗಡೆಯ ಥ್ರೆಡ್ಡಿನ ಮೇಲೆ ಕೂರುತ್ತದೆ. ಬಾಲ್ಸುಗಳ ಸಾಲು ಅದಕ್ಕಿಂತ ಒಳಗೆ ಉಳಿಯುತ್ತದೆ. ಬಾಲ್ಸಿನಿಂದ ಫ್ರೇಮಿನ ಸೀಳಿನವರೆಗೆ, ಎಂದರೆ ಡ್ರಾಪ್‌ಔಟ್‌ವರೆಗೆ, ಅಚ್ಚಿನ ಸುಮಾರು 35 ಮಿಲಿಮೀಟರ್ ಭಾಗಕ್ಕೆ ಯಾವ ಆಸರೆಯೂ ಇಲ್ಲ. ಅಚ್ಚು 10 ಮಿಲಿಮೀಟರ್ ದಪ್ಪ, ಅದರ ನಡುವೆ ಸರಳು ಹೋಗಲು ತೂತು ಬೇರೆ. ಒಂದೇ ಹಲ್ಲುಗಾಲಿಯ ಅಟ್ಲಾಸ್, ಹೀರೋ ಸೈಕಲ್ಲುಗಳಲ್ಲಿ ಈ ಅಂತರ ಕಡಿಮೆ. ಆದ್ದರಿಂದಲೇ ಅವು ಹಾಲಿನ ಕ್ಯಾನು ಹೊತ್ತರೂ ತಾಳುತ್ತವೆ. ಐದಾಯಿತು, ಆರಾಯಿತು, ಏಳಾಯಿತು. ಹಲ್ಲುಗಾಲಿ ಹೆಚ್ಚಿದಷ್ಟೂ ಬಲಗಡೆಯ ಅಚ್ಚು ಆಸರೆಯಿಲ್ಲದೆ ಉದ್ದವಾಗುತ್ತ ಹೋಯಿತು. ಶಿಮಾನೊ ಮಾದರಿಯ ಫ್ರೀಹಬ್‌ನಲ್ಲಿ ಬಲಗಡೆಯ ಬಾಲ್ಸಿನ ಸಾಲೇ ಹಲ್ಲುಗಾಲಿಗಳ ಹೊರತುದಿಗೆ ಬಂದು ಕೂತಿದೆ. ಆಸರೆಯಿಲ್ಲದ ಭಾಗ 10 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಅದೇ ಭಾರಕ್ಕೆ ಅಚ್ಚನ್ನು ಬಾಗಿಸುವ ಬಲ ಮೂರರಲ್ಲಿ ಒಂದು ಪಾಲಿಗೂ ಕಡಿಮೆ.

ಇನ್ನೊಂದು ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ. 70 ಕಿಲೋ ತೂಕದವನು 170 ಮಿಲಿಮೀಟರಿನ ಕ್ರ್ಯಾಂಕಿನ ಪೆಡಲಿನ ಮೇಲೆ ನಿಂತ ಎನ್ನಿ. ಮುಂದೆ 48 ಹಲ್ಲಿನ ಪಲ್ಲೆಯಿದ್ದರೆ ಚೈನಿನ ಎಳೆತ ಸುಮಾರು 120 ಕಿಲೋ. 28 ಹಲ್ಲಿನ ಪಲ್ಲೆಗೆ ಇಳಿಸಿದರೆ ಅದು 200 ಕಿಲೋ ದಾಟುತ್ತದೆ. ಸಣ್ಣ ಗೇರು ಸುಖ ಕೊಡುವುದು ಮೊಣಕಾಲಿಗೆ, ಅಚ್ಚಿಗಲ್ಲ. ರೇಸಿನವರು ಇದೇ ಹಬ್‌ಗಳಲ್ಲಿ ದಶಕಗಟ್ಟಲೆ ಓಡಿಸಿದರಲ್ಲ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಅವರ ಹಿಂದೆ ಚೀಲವಿರಲಿಲ್ಲ, ಮುಂದೆ 28 ಹಲ್ಲಿನ ಪಲ್ಲೆಯೂ ಇರಲಿಲ್ಲ.

ಹಾಗಾದರೆ ಗಟ್ಟಿ ಉಕ್ಕಿನ ಒಳ್ಳೆಯ ಅಚ್ಚು ಹಾಕಿಸಬಹುದಿತ್ತು, ತೂತಿಲ್ಲದ ಅಚ್ಚು ಹಾಕಿ ನಟ್ಟು ಬಿಗಿಯಬಹುದಿತ್ತು ಎಂದು ಧಾರವಾಡದ ಎಂಜಿನಿಯರ್ ಮಿತ್ರರು ಹೇಳಿದ್ದಾರೆ. ಹೌದು, ಅದರಿಂದ ಆಯುಷ್ಯ ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾದ ಫಿಲ್ ವುಡ್ ಕಂಪನಿ 1970ರ ದಶಕದಿಂದಲೇ ದಪ್ಪ ಅಚ್ಚಿನ, ಮುಚ್ಚಿದ ಬೇರಿಂಗಿನ ಹಬ್ ಮಾಡುತ್ತ ಬಂದಿದೆ. ಅಂಥದ್ದು ಯಾರ ಬಳಿಯಾದರೂ ಇದ್ದರೆ ನನ್ನ ಮಾತು ಕೇಳಿ ಅದನ್ನು ಬಿಚ್ಚಬೇಡಿ. ಸಾಮಾನ್ಯ ಹಬ್‌ಗೆ ಗಟ್ಟಿ ಅಚ್ಚು ಹಾಕಿದರೆ ಮುರಿಯುವ ದಿನ ಮುಂದಕ್ಕೆ ಹೋಗುತ್ತದೆ, 35 ಮಿಲಿಮೀಟರ್ ಮಾತ್ರ 35 ಮಿಲಿಮೀಟರಾಗಿಯೇ ಉಳಿಯುತ್ತದೆ.

ಎಲ್ಲಕ್ಕಿಂತ ನೋವಿನಿಂದ ಬಂದ ಆಕ್ಷೇಪ ಮೈಸೂರಿನ ಹಿರಿಯರದು. ಹಳೆಯ ಸೈಕಲ್ಲಿಗೆ ಅದರದೇ ಕಾಲದ ಭಾಗ ಹಾಕಬೇಕು, ಜಪಾನಿನ ಹೊಸ ಕಾಲದ ಫ್ರೀಹಬ್ ಹಾಕಿದರೆ ಅದು ಆ ಸೈಕಲ್ಲಾಗಿ ಉಳಿಯುವುದಿಲ್ಲ ಎಂಬುದು ಅವರ ನಿಲುವು. ಅವರ ಸೈಕಲ್ಲನ್ನು ನಾನು ಕಂಡಿದ್ದೇನೆ. ಪ್ರತಿ ತಿರುಪೂ ಅಂದಿನದೇ, ಕಂಡರೆ ಕೈಮುಗಿಯುವಂತಿದೆ. ಆದರೆ ಅವರು ಅದನ್ನು ಭಾನುವಾರ ಚಾಮುಂಡಿ ಬೆಟ್ಟದ ಬುಡದವರೆಗೆ ತುಳಿಯುತ್ತಾರೆ. ನಾನು ನನ್ನದರಲ್ಲಿ ಊರಿಂದೂರಿಗೆ ಹೋಗುತ್ತೇನೆ.

ಫ್ರೀಹಬ್ ಹೊಸ ಕಾಲದ್ದು ಎಂಬ ಮಾತೂ ಪೂರ್ತಿ ನಿಜವಲ್ಲ. ಶಿಮಾನೊ ತನ್ನ ಫ್ರೀಹಬ್ ಹೊರತಂದದ್ದು 1978ರಲ್ಲಿ. ನನ್ನ ಸೈಕಲ್ಲು ಹುಟ್ಟುವ ಹೊತ್ತಿಗೆ ಅದು ಅಂಗಡಿಯಲ್ಲಿತ್ತು. ಅದಕ್ಕೂ 40 ವರ್ಷ ಮೊದಲು, 1938ರಲ್ಲಿ, ಬೇಲಿಸ್-ವೈಲಿ ಎಂಬ ಬ್ರಿಟಿಷ್ ಕಂಪನಿ ಫ್ರೀವೀಲನ್ನೂ ಹಬ್ಬನ್ನೂ ಒಂದಾಗಿಸಿದ ‘ಯೂನಿಟ್ ಹಬ್’ ತಯಾರಿಸಿತ್ತು. ಅಚ್ಚಿನ ಈ ದೌರ್ಬಲ್ಯ ಬ್ರಿಟಿಷ್ ಕುಶಲಕರ್ಮಿಗಳಿಗೇ ಗೊತ್ತಿತ್ತು, ಮದ್ದನ್ನೂ ಅವರೇ ಕಂಡುಕೊಂಡಿದ್ದರು. ಇಂಗ್ಲೆಂಡಿನ ಸೈಕಲ್ಲಿಗೆ ಫ್ರೀಹಬ್ ಪರಕೀಯ ಎನ್ನುವುದು ಇತಿಹಾಸಕ್ಕೆ ಹೊಂದುವುದಿಲ್ಲ.

ಅಷ್ಟೇ ಅಲ್ಲ, ಟೂರಿಂಗ್ ಸೈಕಲ್ಲು ಯಾವತ್ತೂ ಭಾಗ ಬದಲಾಗುತ್ತ ಬದುಕಿದ ಸೈಕಲ್ಲು. 1976ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಆಸ್ಟೋರಿಯಾಕ್ಕೂ ಪೂರ್ವದ ಯಾರ್ಕ್‌ಟೌನ್‌ಗೂ ನಡುವೆ, ಸುಮಾರು 6,800 ಕಿಲೋಮೀಟರಿನ ದಾರಿಯಲ್ಲಿ, ಸಾವಿರಾರು ಜನ ಬೈಕ್‌ಸೆಂಟೆನಿಯಲ್ ಯಾತ್ರೆ ಮಾಡಿದರು. ಅಷ್ಟು ದೂರದ ದಾರಿಯಲ್ಲಿ ಚೈನು, ಟೈರು, ಕಡ್ಡಿ, ಫ್ರೀವೀಲ್ ಸವೆಯುವುದು ದಿನದ ಊಟದಷ್ಟು ಸಹಜ. ನನ್ನ ಸೈಕಲ್ಲನ್ನು ಮಾರಿದ ಮೇಷ್ಟರು ಅದರ ಹಿಂದಿನ ಚಕ್ರವನ್ನು ತಮ್ಮ ಕೈಯಾರೆ ಮೂರು ಸಲ ಕಟ್ಟಿದ್ದರಂತೆ. ಹಬ್ ಕೂಡ ಸವೆಯುವ ವಸ್ತುವೇ. ಫ್ರೇಮು ಮಾತ್ರ ಉಳಿಯಬೇಕಾದದ್ದು.

ಹೀಗೆಂದರೂ ಒಂದು ಗೆರೆ ಎಳೆಯಬೇಕು. ಪ್ಯಾರಿಸಿನ ಹೊರವಲಯದ ಲೆವಲ್ವಾ-ಪೆರೆಯಲ್ಲಿ ರೆನೆ ಎರ್ಸ್, ಅಲೆಕ್ಸ್ ಸಿಂಗೆ ಅಂಥವರು ಒಬ್ಬೊಬ್ಬ ಗಿರಾಕಿಗೆಂದು ಕಟ್ಟಿಕೊಟ್ಟ ಸೈಕಲ್ಲುಗಳಿವೆ. ಅವುಗಳಲ್ಲಿ ಎಷ್ಟೋ ಸಲ ಮ್ಯಾಕ್ಸಿ-ಕಾರ್ ಹಬ್ ಇರುತ್ತದೆ. ಅದರ ಫ್ಲ್ಯಾಂಜಿನ, ಎಂದರೆ ಕಡ್ಡಿಗಳು ಸೇರುವ ಅಂಚಿನ, ತೂತುಗಳು ಬೀಗದ ಕೈ ಹೋಗುವ ಕಂಡಿಯ ಆಕಾರದವು; ಫ್ರೀವೀಲ್ ಬಿಚ್ಚದೆಯೇ ಮುರಿದ ಕಡ್ಡಿ ತೆಗೆದು ಹೊಸದು ಸೇರಿಸಬಹುದು. ಅಂಥ ಸೈಕಲ್ಲನ್ನು ಅಗಲ ಮಾಡಿ ಎಂದು ನಾನು ಹೇಳುವುದಿಲ್ಲ. ನನ್ನ ಮಾತು ಸಾವಿರಗಟ್ಟಲೆ ತಯಾರಾಗಿ, ಇಂದಿಗೂ ರಸ್ತೆಯ ಮೇಲಿರುವ ಸಾಮಾನ್ಯ ಟೂರಿಂಗ್ ಸೈಕಲ್ಲುಗಳಿಗೆ.

ಈಗ ಶಿವಮೊಗ್ಗದವರ ಆಕ್ಷೇಪ. ನನ್ನ ಲೇಖನದಲ್ಲಿ ನಿಜಕ್ಕೂ ಕೊರತೆಯಿದ್ದದ್ದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫ್ರೇಮ್ ಎಳೆದರೆ ಬೆಸುಗೆ ಬಿಡುತ್ತದೆ, ಕೊಳವೆ ಬಿರುಕು ಬಿಡುತ್ತದೆ, ಹಿಂದಿನ ಚಕ್ರ ಮುಂದಿನ ಚಕ್ರದ ಸಾಲಿನಲ್ಲಿ ಓಡುವುದಿಲ್ಲ ಎಂದು ಅವರು ಮೂರು ಭಯ ಹೇಳಿದ್ದಾರೆ.

ಮೊದಲೆರಡಕ್ಕೆ ಉತ್ತರ ಉಕ್ಕಿನ ಗುಣದಲ್ಲಿದೆ. ಉಕ್ಕು ಬಾಗಿ ಬಾಗಿದಂತೆಯೇ ನಿಲ್ಲಬಲ್ಲ ಲೋಹ. ಹೊಸ ಫ್ರೇಮನ್ನು ಕಟ್ಟುವಾಗಲೂ ಬೆಸುಗೆಯ ಬಿಸಿಗೆ ಸೊಟ್ಟಾದದ್ದನ್ನು ತಣ್ಣಗಾದ ಮೇಲೆ ಬಾಗಿಸಿಯೇ ನೆಟ್ಟಗೆ ಮಾಡುತ್ತಾರೆ. 1935ರಲ್ಲಿ ಬಂದ 531 ಕೊಳವೆ ಮ್ಯಾಂಗನೀಸ್–ಮಾಲಿಬ್ಡಿನಮ್ ಬೆರೆತ ಉಕ್ಕು, ಗಟ್ಟಿ ಜಾತಿಯದು. ಬಾಗಿಸಿ ಬಿಟ್ಟರೆ ಬಹುಪಾಲು ವಾಪಸು ಬರುತ್ತದೆ, ಕೊನೆಯ ತುಸು ಮಾತ್ರ ಉಳಿಯುತ್ತದೆ. ಒಂದೊಂದು ಬದಿಗೆ ನಾಲ್ಕೂವರೆ ಮಿಲಿಮೀಟರ್ ಉಳಿಯಬೇಕಾದರೆ ಅದರ ಹಲವು ಪಟ್ಟು ಬಾಗಿಸಬೇಕು. ನೋಡುವವರಿಗೆ ಎದೆ ಝಲ್ಲೆನ್ನುವುದು ಆಗಲೇ. ಟೂರಿಂಗ್ ಸೈಕಲ್ಲಿನ ಹಿಂದಿನ ಕವೆಯ ಕೆಳಕೊಳವೆಗಳು ರೇಸ್ ಸೈಕಲ್ಲಿನವಕ್ಕಿಂತ ಉದ್ದವಿರುವುದರಿಂದ ಅಷ್ಟು ಬಾಗು ಉದ್ದಕ್ಕೂ ಹಂಚಿಹೋಗುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಮಾತ್ರ ಈ ಕೆಲಸ ಕೂಡದು. ಫ್ರಾನ್ಸಿನ ವಿಟಸ್ 979ರಂತೆ ಅಂಟಿನಿಂದ ಕೂಡಿಸಿದವುಗಳ ಹತ್ತಿರವೂ ಹೋಗಬಾರದು. ಇದನ್ನು ನಾನು ಮೊದಲ ಸಲವೇ ದಪ್ಪಕ್ಷರದಲ್ಲಿ ಬರೆಯಬೇಕಿತ್ತು.

ಮೂರನೆಯ ಭಯ ನಿಜವಾದದ್ದು. ಉದ್ದ ಬೋಲ್ಟು, ಎರಡು ನಟ್ಟು ಇಟ್ಟು ತಿರುಗಿಸಿ ಅಗಲ ಮಾಡಿಬಿಡುವ ಪದ್ಧತಿಯಿದೆ. ಬೋಲ್ಟು ಎರಡೂ ಕಡೆ ಸಮನಾಗಿ ಒತ್ತುತ್ತದೆ, ಕೊಳವೆಗಳು ಸಮನಾಗಿ ಬಾಗುವುದಿಲ್ಲ. ಬಲಗಡೆಯ ಕೊಳವೆಯನ್ನು ಚಕ್ರಪಲ್ಲೆಗೆ ಜಾಗ ಬಿಡಲು ಸಾಮಾನ್ಯವಾಗಿ ಚಪ್ಪಟೆ ಮಾಡಿರುತ್ತಾರೆ. ಅದು ಬೇಗ ಮಣಿಯುತ್ತದೆ. ಆದ್ದರಿಂದ ಒಂದೊಂದು ಬದಿಯನ್ನೂ ಬೇರೆ ಬೇರೆಯಾಗಿ, ಉದ್ದನೆಯ ಮರದ ರೀಪನ್ನು ಸನ್ನೆಯಾಗಿಟ್ಟು ಮಾಡಬೇಕು. ಪ್ರತಿ ಸಲ ಬಾಗಿಸಿದ ಮೇಲೂ ಮುಂದಿನ ಹೆಡ್ ಕೊಳವೆಗೆ ದಾರ ಸುತ್ತಿ, ಎರಡು ಡ್ರಾಪ್‌ಔಟ್‌ಗೂ ಬಿಗಿಯಾಗಿ ಎಳೆದು, ಸೀಟಿನ ಕೊಳವೆಯಿಂದ ದಾರಕ್ಕೆ ಎಡಕ್ಕೂ ಬಲಕ್ಕೂ ಇರುವ ಅಂತರ ಅಳೆಯಬೇಕು. ಎರಡೂ ಸಮವಾದರೆ ಮಾತ್ರ ಚಕ್ರ ಸಾಲಿನಲ್ಲಿ ಓಡುತ್ತದೆ. ನನ್ನ ಫ್ರೇಮಿಗೆ ಇದನ್ನು ಮಾಡಲು ಅರ್ಧ ದಿನ ಹಿಡಿಯಿತು, ದಾರ ಹನ್ನೆರಡು ಸಲ ಕಟ್ಟಿ ಬಿಚ್ಚಿದೆವು.

ಅಷ್ಟಕ್ಕೇ ಮುಗಿಯಲಿಲ್ಲ. ಕವೆ ಅಗಲವಾದಾಗ ಎರಡು ಡ್ರಾಪ್‌ಔಟ್‌ಗಳೂ ಹೊರಕ್ಕೆ ಓರೆಯಾಗುತ್ತವೆ. ಅವನ್ನು ಮತ್ತೆ ಎದುರುಬದುರು ನೇರ ಮಾಡದಿದ್ದರೆ, ಬಿಗಿ ಮಾಡಿದ ಕ್ಷಣದಿಂದಲೇ ಅಚ್ಚು ಬಾಗಿದ ಸ್ಥಿತಿಯಲ್ಲಿರುತ್ತದೆ. ಇದನ್ನು ಮಾಡದೆ 126ರ ಫ್ರೇಮಿಗೆ 135ರ ಹಬ್ಬನ್ನು ಕೈಯಲ್ಲಿ ಅಗಲಿಸಿ ತೂರಿಸುವವರನ್ನು ಕಂಡಿದ್ದೇನೆ. ಅದನ್ನು ನಾನೂ ವಿರೋಧಿಸುತ್ತೇನೆ. ಶಿವಮೊಗ್ಗದವರು ಇಲ್ಲಿ ಒಂದು ಮುಖ್ಯ ಮಾತು ಹೇಳಿದರು: ನಿಮ್ಮ ಹಳೆಯ ಅಚ್ಚು ಮುರಿಯಲು ಓರೆ ಡ್ರಾಪ್‌ಔಟೇ ಕಾರಣವಿರಬಹುದಲ್ಲ? ಇರಬಹುದು. ನೇರ ಮಾಡುವಾಗ ನೋಡಿದರೆ ನನ್ನದೂ ತುಸು ಓರೆಯಾಗಿತ್ತು. ಇದರಿಂದ ಅವರ ವಾದ ಗೆದ್ದಿತು ಎನ್ನಲಾರೆ. ಹಳೆಯ ಫ್ರೇಮುಗಳಲ್ಲಿ ಇಷ್ಟು ಓರೆ ಮಾಮೂಲು. ಆಸರೆಯಿಲ್ಲದ ಉದ್ದ ಅಚ್ಚು ಅದನ್ನು ಕ್ಷಮಿಸುವುದಿಲ್ಲ, ಗಿಡ್ಡದ್ದು ಬಹಳಮಟ್ಟಿಗೆ ಸಹಿಸಿಕೊಳ್ಳುತ್ತದೆ.

130ಕ್ಕೆ ಅಗಲ ಮಾಡಿದ್ದರೆ ಬದಿಗೆ ಎರಡೇ ಮಿಲಿಮೀಟರಿನಲ್ಲಿ ಮುಗಿಯುತ್ತಿತ್ತು, 135ರವರೆಗೆ ಹೋಗುವ ಚಪಲವೇಕೆ ಎಂಬ ಪ್ರಶ್ನೆಗೆ ಉತ್ತರ ಕಡ್ಡಿಗಳಲ್ಲಿದೆ. ಹಲ್ಲುಗಾಲಿಗಳಿಗೆ ಜಾಗ ಕೊಡಲು ಬಲಗಡೆಯ ಫ್ಲ್ಯಾಂಜು ನಡುವಿನ ಕಡೆ ಸರಿದಿರುತ್ತದೆ. ರಿಮ್ಮನ್ನು ಫ್ರೇಮಿನ ನಟ್ಟನಡುವೆ ನಿಲ್ಲಿಸಬೇಕಾದರೆ ಬಲಗಡೆಯ ಕಡ್ಡಿಗಳು ಬಹಳ ಬಿಗಿ, ಎಡಗಡೆಯವು ಸಡಿಲ ಆಗಲೇಬೇಕು. ಅಗಲ ಹೆಚ್ಚಿದಷ್ಟೂ ಈ ತಾರತಮ್ಯ ತಗ್ಗುತ್ತದೆ. ಭಾರ ಹೊರುವ ಚಕ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಫ್ರೇಮನ್ನು ಮುಟ್ಟಲು ಮನಸ್ಸೇ ಬಾರದವರು 130ರ ಹಬ್‌ನ ಎಡಗಡೆಯ ಸ್ಪೇಸರ್ ತೆಗೆದು, ಅಚ್ಚನ್ನು ಕತ್ತರಿಸಿ 126ಕ್ಕೆ ಇಳಿಸಬಹುದು. ಅಚ್ಚು ಉಳಿಯುತ್ತದೆ, ಆದರೆ ಎಡ–ಬಲದ ತಾರತಮ್ಯ ಇನ್ನೂ ಹೆಚ್ಚುತ್ತದೆ. ನಾನಾದರೆ ಅದನ್ನು ಆರಿಸುವುದಿಲ್ಲ.

ತಿರುಪಿನ ಫ್ರೀವೀಲ್ ನಮ್ಮ ದೇಶದ ಯಾವ ಹೋಬಳಿಯಲ್ಲೂ ಸಿಗುತ್ತದೆ, ಫ್ರೀಹಬ್ ಮೇಲೆ ಕೂರುವ ಹಲ್ಲುಗಾಲಿಗಳ ಕ್ಯಾಸೆಟ್ ಸಿಗುವುದು ದೊಡ್ಡ ಊರಿನಲ್ಲಿ ಮಾತ್ರ ಎಂಬುದು ಸಾಗರದ ಕಡೆಯಿಂದ ಬಂದ ಆಕ್ಷೇಪ. ಅರ್ಧ ನಿಜ. ನಮ್ಮ ಸಾದಾ ಸೈಕಲ್ಲಿನ ಒಂಟಿ ಫ್ರೀವೀಲಿನ ಥ್ರೆಡ್ಡೂ ಹಳೆಯ ಬ್ರಿಟಿಷ್ ಹಬ್‌ನ ಥ್ರೆಡ್ಡೂ ಒಂದೇ ಅಳತೆ: 1.37 ಇಂಚು, ಇಂಚಿಗೆ 24 ಸುತ್ತು. ತೀರಾ ಅಡವಿಯಲ್ಲಿ ಸಿಕ್ಕಿಬಿದ್ದರೆ ಒಂಟಿ ಫ್ರೀವೀಲ್ ಹಾಕಿಕೊಂಡು ಊರು ಸೇರಬಹುದು. ಆದರೆ ದಾರಿಯಲ್ಲಿ ಕೈಕೊಡುವುದು ಫ್ರೀವೀಲಲ್ಲ. ಅಚ್ಚು, ಇಲ್ಲವೇ ಬಲಗಡೆಯ ಕಡ್ಡಿ. 126ರ ಹಬ್‌ಗೆ ಹೊಂದುವ, ನಡುವೆ ತೂತಿರುವ ಅಚ್ಚು ಯಾವ ಹಳ್ಳಿಯ ಅಂಗಡಿಯಲ್ಲಿದೆ? ಬಲಗಡೆಯ ಕಡ್ಡಿ ಮುರಿದರೆ ಫ್ರೀವೀಲ್ ಬಿಚ್ಚಲೇಬೇಕು. ಅದು ಪ್ರತಿ ತುಳಿತಕ್ಕೂ ತನ್ನಷ್ಟಕ್ಕೆ ಬಿಗಿಯಾಗುವ ವಸ್ತು; ಘಾಟಿ ಹತ್ತಿದ ಸೈಕಲ್ಲಿನಲ್ಲಿ ಕಲ್ಲಾಗಿ ಕೂತಿರುತ್ತದೆ. ಬಿಚ್ಚುವ ಉಪಕರಣವಾದರೂ ಒಂದೇ ಬಗೆಯದಲ್ಲ, ಒಂದು ಕಂಪನಿಗೆ ಎರಡು ಕಚ್ಚು, ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಒಳಹಲ್ಲು. ಅದು ಕೈಯಲ್ಲಿದ್ದರೂ ಬೆಂಚ್ ವೈಸು ಬೇಕು. ಕ್ಯಾಸೆಟ್ಟಿನ ಬೀಗದುಂಗುರ ಬಿಚ್ಚಲು ಬೆರಳುದ್ದದ ಉಪಕರಣವಿದೆ, ಅದು ಸೈಕಲ್ಲಿನ ಫ್ರೇಮನ್ನೇ ಆಸರೆಯಾಗಿ ಬಳಸಿಕೊಳ್ಳುತ್ತದೆ. ನನ್ನ ಸೀಟಿನ ಕೆಳಗಿನ ಚೀಲದಲ್ಲಿ ಅದಿದೆ, ಜೊತೆಗೆ ಬಲಗಡೆಗೆ ಹೊಂದುವ ನಾಲ್ಕು ಕಡ್ಡಿ.

ಫ್ರೆಂಚ್ ಸೈಕಲ್ಲು ಇರುವವರಿಗೆ ಇಲ್ಲೇ ಒಂದು ಎಚ್ಚರಿಕೆ. ಹಳೆಯ ಫ್ರೆಂಚ್ ಹಬ್‌ಗಳ ಥ್ರೆಡ್ಡು 34.7 ಮಿಲಿಮೀಟರ್ ವ್ಯಾಸ, 1 ಮಿಲಿಮೀಟರ್ ಅಂತರದ್ದು. ಬ್ರಿಟಿಷ್ ಅಳತೆಯ ಫ್ರೀವೀಲ್ ಅದರ ಮೇಲೆ ಒಂದೆರಡು ಸುತ್ತು ಹತ್ತುತ್ತದೆ, ಆಮೇಲೆ ಬಿಗಿಯುತ್ತದೆ. ಬಲ ಹಾಕಿದರೆ ಹಬ್‌ನ ಮೆತ್ತನೆಯ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತುಬರುತ್ತದೆ. ಯಾವ ಊರಲ್ಲೂ ಸಿಗುವ ಫ್ರೀವೀಲ್ ಅವರ ಪಾಲಿಗೆ ಅಪಾಯವೇ ಹೊರತು ಅನುಕೂಲವಲ್ಲ. 1980ರ ದಶಕದ ಹೆಲಿಕೊಮ್ಯಾಟಿಕ್ ಹಬ್ ಇರುವವರ ಪಾಡು ಇನ್ನೂ ಕಷ್ಟ. ಅದಕ್ಕೆ ಅದರದೇ ಹಲ್ಲುಗಾಲಿಗಳು ಬೇಕು, ಅವುಗಳ ತಯಾರಿಕೆ ನಿಂತು ದಶಕಗಳಾದವು.

ಬೆಂಗಳೂರಿನ ತರುಣರ ವಾದ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿತು. ಬಾಲ್ಸು–ಕೋನಿನ ಬದಲು ಮುಚ್ಚಿದ ಬೇರಿಂಗಿನ ಹಬ್ ತೆಗೆದುಕೊಳ್ಳಬೇಕಿತ್ತು. 6000, 6001 ನಂಬರಿನ ಬೇರಿಂಗು ಮೋಟರು ರಿಪೇರಿ ಮಾಡುವ ಯಾವ ಊರಲ್ಲೂ ಸಿಗುತ್ತದೆ. ಕಪ್ಪಿನಲ್ಲಿ ಗುಳಿ ಬಿದ್ದರೆ ಇಡೀ ಹಬ್ ಬಿಸಾಡಬೇಕು, ಬೇರಿಂಗಾದರೆ ಬದಲಿಸಿದರಾಯಿತು ಎನ್ನುತ್ತಾರೆ. ಮೂರೂ ಸತ್ಯ. ಕಪ್ಪಿನ ವಿಚಾರದಲ್ಲಿ ನನ್ನ ಬಳಿ ಎದುರುತ್ತರವಿಲ್ಲ. ಸಕಾಲಕ್ಕೆ ಗ್ರೀಸು ಹಾಕದವರು ಆ ಹಬ್ಬನ್ನು ಕಳೆದುಕೊಳ್ಳುತ್ತಾರೆ. ಆದರೂ ನಾನು ಬಾಲ್ಸನ್ನೇ ಆರಿಸಿದ್ದಕ್ಕೆ ಕಾರಣ ಮಳೆ. ಒಂದು ಜುಲೈಯಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದೆ, ಮೂರು ದಿನ ಬಿಡದ ಮಳೆ, ರಸ್ತೆಯ ಮೇಲೆ ನೀರು ಹರಿಯುತ್ತಿತ್ತು. ತೀರ್ಥಹಳ್ಳಿಯಲ್ಲಿ ಉಳಿದ ರಾತ್ರಿ ಎರಡು ತೆಳು ಸ್ಪ್ಯಾನರಿನಿಂದ ಹಬ್ ಬಿಚ್ಚಿದೆ. ಗ್ರೀಸು ಹಾಲುಚಹಾದ ಬಣ್ಣಕ್ಕೆ ತಿರುಗಿತ್ತು. ಒರೆಸಿ, ಬದಿಗೆ ಒಂಬತ್ತರಂತೆ ಹದಿನೆಂಟು ಕಾಲಿಂಚಿನ ಬಾಲ್ಸು ಎಣಿಸಿ ಇಟ್ಟು, ಹೊಸ ಗ್ರೀಸು ತುಂಬಿ ಮುಚ್ಚಿದೆ. ಎರಡು ಬಾಲ್ಸು ಉರುಳಿ ಮಂಚದಡಿ ಹೋಗಿದ್ದವು. ಬೆಳಿಗ್ಗೆ ಸೈಕಲ್ ಅಂಗಡಿಯಲ್ಲಿ ಅದೇ ಅಳತೆಯವು ಸಿಕ್ಕವು. ಬೇರಿಂಗಿಗೆ ನೀರು ಹೊಕ್ಕಿದ್ದರೆ ಅದನ್ನು ಕೀಳಲು ಪುಲ್ಲರ್, ಕೂರಿಸಲು ಪ್ರೆಸ್ ಬೇಕಿತ್ತು, ಕೋಣೆಯಲ್ಲಿ ಕೂತು ಆಗುವ ಕೆಲಸವಲ್ಲ.

ಮುಚ್ಚಿದ ಬೇರಿಂಗಿನ ಹಬ್ಬನ್ನೇ ಕೊಳ್ಳುವವರು ಒಂದನ್ನು ಗಮನಿಸಿ. ಫ್ರೀಹಬ್ ಎಂದು ಹೆಸರಿದ್ದರೆ ಸಾಲದು. ಕೆಲವು ಹಬ್‌ಗಳಲ್ಲಿ ಬಲಗಡೆಯ ಮುಖ್ಯ ಬೇರಿಂಗು ಹಳೆಯ ಜಾಗದಲ್ಲೇ, ಫ್ಲ್ಯಾಂಜಿನಡಿಯಲ್ಲೇ ಇರುತ್ತದೆ. ಅಂಥದ್ದರಲ್ಲಿ ಅಚ್ಚು 10 ಮಿಲಿಮೀಟರಿನದಾಗಿದ್ದರೆ ನೀವು ಬಿಟ್ಟುಬಂದ ಸಮಸ್ಯೆಗೇ ಮರಳಿದಂತೆ. ಅಚ್ಚು ದಪ್ಪವಿದೆಯೇ ಎಂದು ಕೇಳಿ, ಸಾಧ್ಯವಾದರೆ ಬಿಚ್ಚಿಸಿ ನೋಡಿ.

ದೊಡ್ಡ ಫ್ಲ್ಯಾಂಜಿನ ಹಬ್ ಬಲವಾದದ್ದು ಎನ್ನುವವರಿಗೆ ಚುಟುಕಾಗಿ ಹೇಳುತ್ತೇನೆ. ಮೂರು ಹೆಣಿಗೆ ಹಾಕಿ ಕಟ್ಟಿದ ಚಕ್ರದಲ್ಲಿ ಸಣ್ಣ ಫ್ಲ್ಯಾಂಜೂ ತುಳಿತವನ್ನು ಧಾರಾಳವಾಗಿ ತಾಳುತ್ತದೆ. ನೋಡಲು ದೊಡ್ಡದು ಚೆಂದ, ಒಪ್ಪಿದೆ. 36 ಕಡ್ಡಿ ಯಾಕೆ, 32 ಸಾಲದೇ ಎಂಬುದಕ್ಕೂ ಅಷ್ಟೇ: ಒಂದು ಕಡ್ಡಿ ಮುರಿದಾಗ 36ರ ಚಕ್ರ ಕಡಿಮೆ ವಾಲುತ್ತದೆ, ಮನೆ ಮುಟ್ಟಿಸುತ್ತದೆ. ನಮ್ಮ ಸಾದಾ ಸೈಕಲ್ಲಿನ ಹಿಂದಿನ ಚಕ್ರದಲ್ಲಿ 40 ಕಡ್ಡಿಯಿರುವುದು ಸುಮ್ಮನೆ ಅಲ್ಲ. ಜೊತೆಗೆ ಹಳೆಯ ರಿಮ್ಮಿಗೂ 36 ತೂತಿರುವುದರಿಂದ ಅದನ್ನೇ ಉಳಿಸಿಕೊಂಡೆ. ಅದು 27 ಇಂಚಿನದು, 630 ಮಿಲಿಮೀಟರ್. 700ಸಿ ಎಂದರೆ 622. ಬದಲಿಸಿದ್ದರೆ ಬ್ರೇಕಿನ ರಬ್ಬರುಗಳನ್ನು 4 ಮಿಲಿಮೀಟರ್ ಕೆಳಗಿಳಿಸುವ ತಲೆನೋವು ಬೇರೆ.

ಇಂಗ್ಲೆಂಡಿನ ಗೆಳೆಯರ ತಕರಾರು ಹಣದ್ದು. ಹಬ್, ಕಡ್ಡಿ, ಕೂಲಿ ಸೇರಿಸಿದರೆ ಸಿದ್ಧ ಚಕ್ರವೇ ಅಗ್ಗ ಎನ್ನುತ್ತಾರೆ. ಅಚ್ಚು ಮುರಿದ ಮರುವಾರ ನಾನು ಮಾಡಿದ್ದೂ ಅದನ್ನೇ, ಒಂದು ಅಂಗಡಿಯಿಂದ ಸಿದ್ಧ ಚಕ್ರ ತಂದೆ. ಎರಡು ತಿಂಗಳಲ್ಲಿ ಮೂರು ಕಡ್ಡಿ ಹೋದವು, ಮೂರೂ ಹಬ್‌ಗೆ ಸೇರುವ ಬಾಗಿನಲ್ಲಿ. ಯಂತ್ರದಲ್ಲಿ ಬಿಗಿದ ಅಗ್ಗದ ಚಕ್ರಗಳಲ್ಲಿ ಬಿಗಿತ ಎಷ್ಟೋ ಸಲ ಸಾಲದಿರುತ್ತದೆ, ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಡಿದು ಹಿಂಡಿ ಬಾಗುಗಳನ್ನು ಕೂರಿಸುವ ಕೆಲಸವನ್ನು ಯಾರೂ ಮಾಡಿರುವುದಿಲ್ಲ. ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ತಮ್ಮ ‘ದ ಬೈಸಿಕಲ್ ವೀಲ್’ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಅದನ್ನೋದಿದ ಮೇಲೆ ಚಕ್ರ ಕಟ್ಟುವುದನ್ನು ನಾನೇ ಕಲಿತೆ. ಈಗಿನ ಹಬ್ ಹಾಕಿ ಕಟ್ಟಿದ ಚಕ್ರ 11 ಸಾವಿರ ಕಿಲೋಮೀಟರ್ ಓಡಿದೆ, ಒಂದೂ ಕಡ್ಡಿ ಮುರಿದಿಲ್ಲ. ಅಗ್ಗ ಯಾವುದು ಎಂದು ಗೆಳೆಯರೇ ಲೆಕ್ಕ ಹಾಕಲಿ.

ಇಷ್ಟೆಲ್ಲ ಪಾಡಿನ ಬದಲು ಗೇರುಗಳನ್ನು ಒಳಗೇ ಅಡಗಿಸಿಟ್ಟುಕೊಂಡ ಹಬ್ ಹಾಕಬಹುದಿತ್ತಲ್ಲ ಎಂದು ಇಬ್ಬರು ಕೇಳಿದ್ದಾರೆ. ಸ್ಟರ್ಮಿ-ಆರ್ಚರ್‌ನ ಮೂರು ಗೇರಿನ ಎಡಬ್ಲ್ಯೂ ಹಬ್ ಅದ್ಭುತ ಕೆಲಸಗಾರ. ಆದರೆ ಅದರ ಅತಿ ದೊಡ್ಡ ಗೇರು ಅತಿ ಸಣ್ಣದರ 1.78 ಪಟ್ಟು ಮಾತ್ರ. ನನ್ನ ಮೂರು ಪಲ್ಲೆಯ ಸೈಕಲ್ಲಿನಲ್ಲಿ ಅದು 3.4 ಪಟ್ಟು, ಚೀಲ ಹೊತ್ತು ಚಾರ್ಮಾಡಿ ಹತ್ತುವವರಿಗೆ ಆ ವ್ಯತ್ಯಾಸ ಪ್ರತಿ ತಿರುವಿನಲ್ಲೂ ಗೊತ್ತಾಗುತ್ತದೆ. 1998ರಲ್ಲಿ ಬಂದ ರೋಲಾಫ್‌ನ 14 ಗೇರಿನ ಹಬ್ 5.26 ಪಟ್ಟು ಕೊಡುತ್ತದೆ, ಗೌರವಕ್ಕೆ ಅರ್ಹವಾದದ್ದು. ಅದರ ಬೆಲೆಗೆ ನನ್ನಂಥ ಎರಡು ಮೂರು ಹಳೆಯ ಸೈಕಲ್ಲು ಬರುತ್ತವೆ. ಫ್ರೀಹಬ್ ಹಾಕಿದಾಗ ಹಳೆಯ ಡಿರೇಲರು, ಫ್ರೇಮಿನ ಮುಂದಿನ ಓರೆ ಕೊಳವೆಯ ಮೇಲಿನ ಹಳೆಯ ಲಿವರು ಎರಡೂ ಹಾಗೇ ಉಳಿದವು. ಆ ಲಿವರಿಗೆ ಟಿಕ್ ಟಿಕ್ ಎನ್ನುವ ಮೆಟ್ಟಿಲುಗಳಿಲ್ಲ, ಬೆರಳಿನ ಅಂದಾಜೇ ಎಲ್ಲ. ಆದ್ದರಿಂದ ಆರು ಹಲ್ಲುಗಾಲಿ ಎಂಟಾದರೂ ಅದಕ್ಕೆ ಗೊತ್ತೇ ಆಗಲಿಲ್ಲ.

ಕೊನೆಗೆ ಮೈಸೂರಿನ ಹಿರಿಯರು ಕೇಳಿದ ಪ್ರಶ್ನೆ: ಆ ಹಳೆಯ ಹಬ್ ಏನಾಯಿತು, ಗುಜರಿಗೆ ಹಾಕಿದೆಯಾ? ಇಲ್ಲ ಸರ್. ಸೀಮೆಎಣ್ಣೆಯಲ್ಲಿ ತೊಳೆದು, ಕಪ್ಪುಗಳಿಗೆ ಗ್ರೀಸು ಸವರಿ, ಫ್ರೀವೀಲಿನ ಸಮೇತ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮುರಿದ ಅಚ್ಚಿನ ಎರಡು ತುಂಡೂ ಅದರಲ್ಲೇ ಇವೆ. ಮುಚ್ಚಳದ ಮೇಲೆ ‘126’ ಎಂದು ಬರೆದಿದ್ದೇನೆ. ನನ್ನ ನಂತರ ಈ ಸೈಕಲ್ಲು ಯಾರ ಕೈಗೆ ಹೋಗುತ್ತದೋ ಅವರಿಗೆ ಅದನ್ನು ಹಳೆಯ ರೂಪಕ್ಕೇ ತರಬೇಕೆನಿಸಿದರೆ, ಅಗಲ ಮಾಡಿದ ಕವೆಯನ್ನು ಅದೇ ರೀಪು, ಅದೇ ದಾರ ಇಟ್ಟುಕೊಂಡು ಒಳಕ್ಕೆ ತರಬಹುದು. ಡಬ್ಬಿ ಸೈಕಲ್ಲಿನ ಜೊತೆಗೇ ಹೋಗುತ್ತದೆ.